ಒಂದೇ ಹೆಸರಿನ ಇಬ್ಬರು

ನಮ್ಮ ಕೊಡಗಿನ ಯಾವುದಾದರೂ ಮದುವೆ ಮನೆಗೆ ಹೋಗಿ ‘ಪೊನ್ನಪ್ಪಾ’ ಅಂತ ಕೂಗಿ ನೋಡಿ. ಕಡಿಮೆಯೆಂದರೂ ನಾಲ್ಕು ತಲೆ ಇತ್ತ ತಿರುಗುತ್ತವೆ. ಅದಕ್ಕೇ ನಮ್ಮ ಕಡೆ ಹೆಸರು ಕೇಳಿದ ಮೇಲೆ ಎರಡನೇ ಪ್ರಶ್ನೆ ಬಂದೇ ಬರುತ್ತದೆ: ‘ಯಾವ ಮನೆಯವ್ರು?’ ಕೊಡವರಲ್ಲಿ ಒಕ್ಕದ ಹೆಸರು ಮೊದಲು, ಸ್ವಂತ ಹೆಸರು ಆಮೇಲೆ. ಫೀಲ್ಡ್ ಮಾರ್ಷಲ್ ಕೆ. ಎಂ. ಕಾರ್ಯಪ್ಪನವರ ‘ಕೆ’ ಊರಿನದ್ದಲ್ಲ, ಒಕ್ಕದ್ದು, ಕೊಡಂದೇರ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಹಾಕಿ ಹಬ್ಬದಲ್ಲೂ ತಂಡಗಳು ಆಡುವುದು ಒಕ್ಕದ ಹೆಸರಲ್ಲೇ. 2024ರಲ್ಲಿ ನಾಪೋಕ್ಲಿನಲ್ಲಿ 360 ತಂಡಗಳಿದ್ದವು. ಅದರಲ್ಲಿ ಎರಡು ತಂಡಕ್ಕೆ ಒಂದೇ ಹೆಸರಿದ್ದು, ಅದು ಯಾರ ಗಮನಕ್ಕೂ ಬರದಿದ್ದರೆ ಸ್ಕೋರ್ ಬರೆಯುವವನ ಗತಿ ಏನು?

ಹೆಚ್ಚು ಕಡಿಮೆ ಅದೇ ಗತಿ ಒಂದು ಮಳೆಗಾಲದಲ್ಲಿ ನಮ್ಮ ಕಡೆಯ ಒಂದು ಸಹಕಾರ ಸಂಘಕ್ಕೆ ಬಂದಿತ್ತು.

ಒಂದು ಮುಖ್ಯ ಕಚೇರಿ, ಮೂರು ಶಾಖೆ. ಅದರ ನೆಟ್‌ವರ್ಕ್ ನೋಡಿಕೊಳ್ಳುವವನು ನಮ್ಮೂರಿನದೇ ಹುಡುಗ, ಡಿಪ್ಲೊಮಾ ಮುಗಿಸಿ ಊರಲ್ಲೇ ಉಳಿದವನು. ಜೂನ್‌ನಲ್ಲಿ ಮೂರನೇ ಶಾಖೆ ತೆರೆದ ವಾರದಿಂದ ಕಾಟ ಶುರು. ಎರಡನೇ ಶಾಖೆ ಸಿಕ್ಕಿದರೆ ಮೂರನೆಯದು ಸಿಗಲ್ಲ, ಮೂರನೆಯದು ಸಿಕ್ಕಿದರೆ ಎರಡನೆಯದು ಮಾಯ. ಕೌಂಟರ್‌ನಲ್ಲಿ ‘ಸರ್ವರ್ ಇಲ್ಲ, ನಾಳೆ ಬನ್ನಿ’ ಅನ್ನೋ ಮಂತ್ರ. ಎರಡು ಬಸ್ಸು ಬದಲಾಯಿಸಿ, ಒದ್ದೆ ಕೊಡೆ ಹಿಡಿದುಕೊಂಡು ತಮ್ಮದೇ ದುಡ್ಡು ತೆಗೆಯಲು ಬಂದ ವಯಸ್ಸಾದವರು ಹಾಗೇ ವಾಪಸ್ ಹೋಗುತ್ತಿದ್ದರು.

ಯಾರನ್ನು ಕೇಳಿದರೂ ಕಾರಣ ಒಂದೇ: ಮಳೆ. ಕೊಡಗಿನ ಜೂನ್‌ನಲ್ಲಿ ಏನು ಕೆಟ್ಟರೂ ಮಳೆಯ ಮೇಲೆ ಹಾಕಬಹುದು, ಯಾರೂ ಸಾಕ್ಷಿ ಕೇಳಲ್ಲ. ಹುಡುಗ ಕೇಬಲ್ ಬದಲಾಯಿಸಿದ, ಮಳೆಯಲ್ಲೇ ಟವರ್ ಹತ್ತಿ ಆ್ಯಂಟೆನಾ ತಿರುಗಿಸಿದ. ಕೊನೆಗೆ ಸಂಘದವರು ‘ಮುಂದಿನ ತಿಂಗಳಿಂದ ಬೇರೆಯವ್ರನ್ನ ನೋಡ್ತೀವಿ’ ಅಂದುಬಿಟ್ಟರು. ಅವತ್ತು ರಾತ್ರಿ ಬೆಂಗಳೂರಿಗೆ ಫೋನ್ ಬಂತು: ‘ಅಣ್ಣಾ, ಒಂದ್ಸಲ ನೋಡ್ತೀರಾ?’

ಅವನು ಮುಖ್ಯ ಕಚೇರಿಯಲ್ಲಿ ಕೂತು ಸ್ಕ್ರೀನ್ ಹಂಚಿಕೊಂಡ. ಎದುರಿನ ರೌಟರ್‌ಗೆ ನೇರವಾಗಿ ನೂರು ಪಿಂಗ್ ಕಳಿಸಿದೆವು, ನೂರಕ್ಕೆ ನೂರೂ ಬಂದವು. ಹಾಗಾದರೆ ದಾರಿ ಸರಿ ಇದೆ, ಮಳೆ ನಿರಪರಾಧಿ. ಆದರೆ ಆ ರೌಟರ್‌ನ ಹಿಂದಿರುವ ಕಂಪ್ಯೂಟರ್‌ಗಳು ಮಾತ್ರ ಬಂದು ಹೋಗಿ ಮಾಡುತ್ತಿವೆ. ‘ನೇಬರ್’ ಪಟ್ಟಿ ತೆಗೆಸಿದೆ. ಎಲ್ಲಾ ಸಾಲಿನಲ್ಲೂ ‘ಫುಲ್’ ಅಂತಿದೆ, ಅಂದರೆ ಸಂಬಂಧ ಚೆನ್ನಾಗಿದೆ. ‘ಇದನ್ನ ನಾನೂ ನೋಡಿದ್ದೆ ಅಣ್ಣ, ಎಲ್ಲಾ ಸರಿ ಉಂಟಲ್ಲ’ ಅಂದ. ‘ಮೊದಲ ಕಾಲಂ ಓದು ಮಾರಾಯ’ ಅಂದೆ. ಎರಡು ಸಾಲಿನಲ್ಲಿ ಒಂದೇ ರೌಟರ್ ಐಡಿ: 1.1.1.1.

ಐಟಿಯವರಲ್ಲದವರಿಗೆ ಸ್ವಲ್ಪ ವಿವರ. ಇಲ್ಲಿದ್ದ ಪ್ರೋಟೋಕಾಲ್ ಒಎಸ್‌ಪಿಎಫ್. ಅದರ ಎರಡನೇ ಆವೃತ್ತಿಯ ನಿಯಮಗಳು 1998ರ ಆರ್‌ಎಫ್‌ಸಿ 2328ರಲ್ಲಿವೆ. ಪ್ರತಿ ರೌಟರ್ ‘ನಾನು ಇಂಥವನು, ನನ್ನ ಹತ್ತಿರ ಇಂಥಿಂಥ ಜಾಲಗಳಿವೆ’ ಅಂತ ಸಾರುತ್ತದೆ. ಆ ಸಾರಿಕೆಗಳನ್ನು ಜೋಡಿಸಿ ಎಲ್ಲರೂ ಒಂದೇ ನಕ್ಷೆ ಬರೆದುಕೊಳ್ಳುತ್ತಾರೆ. ‘ಇಂಥವನು’ ಅನ್ನೋದೇ ರೌಟರ್ ಐಡಿ. ನೋಡಲು ಐಪಿ ವಿಳಾಸದ ಹಾಗಿದ್ದರೂ ಅದು ವಿಳಾಸವಲ್ಲ, 32 ಬಿಟ್‌ನ ಒಂದು ಹೆಸರು ಅಷ್ಟೇ.

ಹೊಸ ಶಾಖೆ ಜೋಡಿಸಿಕೊಟ್ಟವರು ಎರಡನೇ ಶಾಖೆಯ ಕಾನ್ಫಿಗರೇಶನ್ ಕಾಪಿ ಮಾಡಿ, ವಿಳಾಸಗಳನ್ನೆಲ್ಲ ಬದಲಾಯಿಸಿ, ಹೆಸರಿನ ಸಾಲನ್ನು ಹಾಗೇ ಬಿಟ್ಟಿದ್ದರು. ಆಮೇಲೆ ನಡೆದದ್ದು ತಮಾಷೆ. ಒಂದು ರೌಟರ್ ಸಾರಿದ್ದು ಮುಖ್ಯ ಕಚೇರಿಯ ಮೂಲಕ ಇನ್ನೊಂದಕ್ಕೆ ತಲುಪುತ್ತದೆ. ಅದು ನೋಡುತ್ತದೆ: ‘ನನ್ನದೇ ಹೆಸರಿದೆ, ಆದರೆ ಇದು ನನ್ನ ಈಗಿನ ಮಾತಲ್ಲ. ನಾನು ರೀಸ್ಟಾರ್ಟ್ ಆಗೋ ಮುಂಚೆ ಹೇಳಿದ ಹಳೇ ಮಾತಿರಬೇಕು.’ ಹಾಗಂದುಕೊಂಡು ಇನ್ನೂ ದೊಡ್ಡ ಕ್ರಮಸಂಖ್ಯೆ ಹಾಕಿ ತನ್ನ ವಿವರ ಮತ್ತೆ ಸಾರುತ್ತದೆ. ದೊಡ್ಡ ಸಂಖ್ಯೆಯೇ ಹೊಸ ಮಾತು ಅನ್ನೋದು ನಿಯಮ. ಅದನ್ನು ಕೇಳಿ ಮೊದಲನೆಯದೂ ಅದನ್ನೇ ಮಾಡುತ್ತದೆ. ಕೆಲವೇ ಸೆಕೆಂಡಿಗೊಮ್ಮೆ ನಕ್ಷೆ ಉಲ್ಟಾ. ಇಂಥ ಜಗಳಕ್ಕೆ ಸಿಸ್ಕೊ ಲಾಗ್‌ಗಳಲ್ಲಿ ‘ಫ್ಲಡ್ ವಾರ್’ ಅಂತ ಹೆಸರೇ ಇದೆ. ಎರಡೂ ಹೇಳುತ್ತಿರುವುದು ಸತ್ಯವೇ. ಸುಳ್ಳು ಹೇಳಿದ್ದರೆ ಬೇಗ ಸಿಕ್ಕಿಬೀಳುತ್ತಿದ್ದವೋ ಏನೋ.

ಮೂರನೇ ಶಾಖೆಗೆ ಬೇರೆ ಐಡಿ ಕೊಡಿಸಿದೆ. ಏನೂ ಬದಲಾಗಲಿಲ್ಲ. ಹುಡುಗನ ಮುಖ ಮತ್ತೆ ಸಪ್ಪೆ. ಹೆಸರು ಒಮ್ಮೆ ಹಿಡಿದ ರೌಟರ್ ಅಷ್ಟು ಸುಲಭಕ್ಕೆ ಬಿಡಲ್ಲ. ಒಎಸ್‌ಪಿಎಫ್ ಪ್ರೋಸೆಸ್ಸನ್ನು ಕ್ಲಿಯರ್ ಮಾಡಬೇಕು, ಇಲ್ಲವೇ ರೌಟರ್ ರೀಲೋಡ್ ಮಾಡಬೇಕು. ಆಗ ಸಂಬಂಧಗಳೆಲ್ಲ ಒಮ್ಮೆ ಕಡಿದು ಮತ್ತೆ ಕೂಡುತ್ತವೆ, ಹಾಗಾಗಿ ಕೌಂಟರ್ ತೆರೆದಿರುವಾಗ ಮಾಡುವ ಕೆಲಸವಲ್ಲ. ರಾತ್ರಿಯಾಗಿತ್ತು, ಮಾಡಿದೆವು. ಎರಡೂ ಶಾಖೆ ನಕ್ಷೆಯಲ್ಲಿ ಬಂದು ಕೂತವು, ಕದಲಲಿಲ್ಲ.

ಐಡಿಯನ್ನು ಕೈಯಾರೆ ಕೊಡದಿದ್ದರೆ ಏನಾಗುತ್ತದೆ ಅಂತ ಅವನು ಕೇಳಿದ. ಸಿಸ್ಕೊ ರೌಟರ್‌ಗಳು ಮೊದಲು ಲೂಪ್‌ಬ್ಯಾಕ್ ವಿಳಾಸಗಳಲ್ಲಿ ದೊಡ್ಡದನ್ನು ಹಿಡಿಯುತ್ತವೆ. ಲೂಪ್‌ಬ್ಯಾಕ್ ಇಲ್ಲದಿದ್ದರೆ ಆ ಹೊತ್ತಿಗೆ ಜೀವಂತ ಇರುವ ಇಂಟರ್‌ಫೇಸ್‌ಗಳಲ್ಲಿ ದೊಡ್ಡ ವಿಳಾಸ. ಕರೆಂಟ್ ಹೋಗಿ ಬಂದಾಗ ಒಂದು ಲೈನ್ ಸತ್ತಿದ್ದರೆ ರೌಟರ್ ಬೇರೆ ಹೆಸರಲ್ಲಿ ಎದ್ದರೂ ಎದ್ದೀತು. ದಿನಕ್ಕೆ ಹತ್ತು ಸಲ ಕರೆಂಟ್ ಹೋಗುವ ಊರಲ್ಲಿ ಇದು ಸಣ್ಣ ಮಾತಲ್ಲ. ಲೂಪ್‌ಬ್ಯಾಕ್ ಯಾವ ಕೇಬಲ್‌ಗೂ ಅಂಟಿಕೊಂಡಿಲ್ಲ. ನಮ್ಮ ಐನ್‌ಮನೆ ಇದ್ದ ಹಾಗೆ. ನಾನು ಬೆಂಗಳೂರಿನಲ್ಲಿ ಐದು ಬಾಡಿಗೆ ಮನೆ ಬದಲಾಯಿಸಿದ್ದೇನೆ, ಆದರೂ ಊರಲ್ಲಿ ಯಾವ ಮನೆಯವ ಅಂತ ಕೇಳಿದರೆ ಉತ್ತರ ಬದಲಾಗಿಲ್ಲ. ಹೆಸರನ್ನು ಇಂಥ ಕಡೆ ಕಟ್ಟಬೇಕು, ಮತ್ತು ತಿಳಿದೇ ಕಟ್ಟಬೇಕು.

ಹುಡುಗ ಈಗ ಪ್ರತಿ ರೌಟರ್ ಮೇಲೆ ಅದರ ಐಡಿ ಬರೆದ ಚೀಟಿ ಅಂಟಿಸಿದ್ದಾನೆ. ಸಂಘದವರು ಬೇರೆಯವರನ್ನು ಹುಡುಕುವ ಮಾತು ಬಿಟ್ಟಿದ್ದಾರೆ. ಮ್ಯಾನೇಜರು ಮಾತ್ರ ಮರುದಿನ ‘ಮಳೆ ಕಡಿಮೆ ಆಯ್ತಲ್ಲ, ಅದಕ್ಕೇ ಸರಿಯಾಯ್ತು’ ಅಂದರಂತೆ. ಆಗ ಹೊರಗೆ ಧೋ ಅಂತ ಸುರಿಯುತ್ತಿತ್ತು ಅಂತ ಹುಡುಗ ಹೇಳಿದ.