ಅಕ್ಕನ ಕತೆ ಹೊರಡುವ ಮುನ್ನ

ಪ್ರೀತಿಯ ಅಕ್ಕನಿಗೆ,

ನಿನ್ನ ಅಜ್ಜಿಮನೆ ಕತೆಯನ್ನು ಬೇರೆ ಬೇರೆ ದಾರಿ ಹಿಡಿದು ಓದಿದೆ. ಮಳೆಯಲ್ಲಿ ನೆನೆದು ಬಂದ ಹುಡುಗಿ ಬಚ್ಚಲೊಲೆಯ ಮುಂದೆ ಕೂತರೆ ಒಂದು ಕತೆ, ಅಟ್ಟ ಹತ್ತಿದರೆ ಇನ್ನೊಂದು. ಅಟ್ಟದ ದಾರಿಯೇ ನನಗೆ ಹೆಚ್ಚು ಹಿಡಿಸಿತು. ಇದನ್ನು ಹತ್ತು ಜನಕ್ಕೆ ತಲುಪಿಸುವುದು ಹೇಗೆ ಅಂತ ಕೇಳಿದ್ದೆಯಲ್ಲ, ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ ಅಂತ ಬರೆಯುತ್ತಿದ್ದೇನೆ.

ಮೊದಲು ತುರ್ತಿನ ಮಾತು. ಇಂಥ ಕವಲುದಾರಿಯ ಕತೆ ಕಟ್ಟುವ ಟ್ವೈನ್ ಉಪಕರಣವನ್ನು ನೀನು ಬ್ರೌಸರಿನಲ್ಲೇ ತೆರೆದು ಬರೆಯುತ್ತಿದ್ದೀಯ. ಹಾಗೆ ಬರೆದದ್ದೆಲ್ಲ ಆ ಬ್ರೌಸರಿನ ಹೊಟ್ಟೆಯಲ್ಲಷ್ಟೇ ಇರುತ್ತದೆ. ಮಕ್ಕಳು ಯಾರಾದರೂ ಬ್ರೌಸರಿನ ಡೇಟಾ ಅಳಿಸಿದರೆ ಕತೆಯೂ ಹೋದ ಹಾಗೆಯೇ. ನೀನು ಕಳಿಸಿದ ಎಚ್‌ಟಿಎಂಎಲ್ ಫೈಲು ನನ್ನ ಬಳಿ ಇರುವುದರಿಂದ ಸದ್ಯಕ್ಕೆ ಭಯವಿಲ್ಲ. ಆದರೆ ಇನ್ನು ಮುಂದೆ ಕತೆ ಬರೀ ಪಠ್ಯದ ಫೈಲುಗಳಾಗಿ ನಿನ್ನದೇ ಫೋಲ್ಡರಿನಲ್ಲಿರಲಿ.

ಅದಕ್ಕೆ ಟ್ವೀಗೋ ಅನ್ನುವ ಪುಟ್ಟ ಉಪಕರಣವಿದೆ. ಅದಕ್ಕೆ ಕಿಟಕಿ, ಗುಂಡಿ ಏನೂ ಇಲ್ಲ. ಟರ್ಮಿನಲ್ ತೆರೆದು ಒಂದು ಸಾಲು ಬರೆದು ಎಂಟರ್ ಒತ್ತಿದರೆ ಆಯಿತು. ನಿನ್ನ ಎಚ್‌ಟಿಎಂಎಲ್ ಫೈಲಿನ ಹೆಸರಿನ ಜೊತೆ 'ಡ್ಯಾಶ್ ಡಿ' ಅಂತ ಕೊಟ್ಟೆ, ಇಡೀ ಕತೆಯನ್ನು ಬಿಚ್ಚಿ ಪಠ್ಯವಾಗಿ ಕೊಟ್ಟಿತು. ಪ್ರತಿ ಪ್ಯಾಸೇಜಿನ, ಅಂದರೆ ಕತೆಯ ಪ್ರತಿ ತುಣುಕಿನ, ನೆತ್ತಿಯ ಮೇಲೆ ಎರಡು ಕೋಲನ್, ಪಕ್ಕದಲ್ಲಿ ಅದರ ಹೆಸರು, ಕೆಳಗೆ ನೀನು ಬರೆದದ್ದು. ನೋಟ್‌ಪ್ಯಾಡಿನಲ್ಲೂ ತಿದ್ದಬಹುದು. ತಿದ್ದಿದ ಮೇಲೆ 'ಡ್ಯಾಶ್ ಓ' ಅಂತ ಬರೆದು, ಆಗಬೇಕಾದ ಫೈಲಿನ ಹೆಸರು, ಕತೆಯ ಫೋಲ್ಡರಿನ ಹೆಸರು ಕೊಟ್ಟರೆ ಮತ್ತೆ ಒಂದೇ ಎಚ್‌ಟಿಎಂಎಲ್ ಫೈಲಾಗುತ್ತದೆ. ಟರ್ಮಿನಲ್ ಅಂದರೆ ನಿನಗೆ ಅಳುಕು ಅಂತ ಗೊತ್ತು. ಆದರೆ ಆ ಸಾಲನ್ನು ಒಂದು ಕಡೆ ಬರೆದಿಟ್ಟುಕೊಂಡರೆ, ವರ್ಷಗಳಾದ ಮೇಲೆ ಒಂದು ಅಕ್ಷರ ತಿದ್ದಬೇಕಾದರೂ ಅದನ್ನೇ ಮತ್ತೆ ಕೊಟ್ಟರೆ ಸಾಕು. ಯಾವ ಮೆನುವಿನಲ್ಲಿ ಏನು ಒತ್ತಿದ್ದೆ ಅಂತ ನೆನಪಿಸಿಕೊಳ್ಳುವ ಗೋಜಿಲ್ಲ.

ನಾನು ಟ್ವೀಗೋವನ್ನು ಹಿಡಿದು ಕೂತಿರುವುದಕ್ಕೆ ನಿಜವಾದ ಕಾರಣ ನಿನ್ನ ಕನ್ನಡ. ಕನ್ನಡ ಫಾಂಟಿಲ್ಲದ ಹಳೆಯ ಕಂಪ್ಯೂಟರಿನಲ್ಲಿ ನಿನ್ನ ಕತೆ ತೆರೆದರೆ ಬರೀ ಚೌಕಗಳು ಕಾಣುತ್ತವೆ. 'ಡ್ಯಾಶ್ ಎಂ' ಅಂತ ಕೊಟ್ಟು ಫಾಂಟಿನ ಫೈಲನ್ನು ತೋರಿಸಿದರೆ ಟ್ವೀಗೋ ಅದನ್ನೂ ಕತೆಯೊಳಗೇ ಸೇರಿಸುತ್ತದೆ. ಆಮೇಲೆ ಕತೆ ಹೇಗೆ ಕಾಣಬೇಕು ಅಂತ ಹೇಳುವ ಸ್ಟೈಲ್‌ಶೀಟಿನಲ್ಲಿ ಆ ಫಾಂಟಿನ ಹೆಸರು ಹೇಳಬೇಕು. ನೋಟೋ ಸೆರಿಫ್ ಕನ್ನಡವನ್ನು ಆರಿಸಿದ್ದೇನೆ. ಅದರ ಮುಕ್ತ ಪರವಾನಗಿಯಲ್ಲಿ ಹೀಗೆ ಸೇರಿಸಿ ಹಂಚಲು ಅಡ್ಡಿಯಿಲ್ಲ. ಅಜ್ಜಿಮನೆಯ ಜಗಲಿಯ ಚಿತ್ರವನ್ನೂ ಕತೆಯೊಳಗೆ ಸೇರಿಸಬಹುದು. ಆದರೆ ಚಿತ್ರ ಪಠ್ಯರೂಪಕ್ಕೆ ಬದಲಾಗಿ ಸೇರುವಾಗ ಗಾತ್ರ ಮೂರನೇ ಒಂದು ಪಾಲಿನಷ್ಟು ಹೆಚ್ಚುತ್ತದೆ, ಆದ್ದರಿಂದ ಮೊದಲೇ ಚಿಕ್ಕದು ಮಾಡಿ ಕಳಿಸು. ಮಡಿಲು ತುಂಬಿ ಕಳಿಸಿದ ಹಾಗೆ ಕತೆಗೆ ಬೇಕಾದದ್ದೆಲ್ಲ ಅದರ ಜೊತೆಗೇ ಹೋಗಲಿ. ಓದುವವರ ಹತ್ತಿರ ಇಂಟರ್ನೆಟ್ ಇಲ್ಲದಿದ್ದರೂ ಕತೆ ಪೂರ್ತಿಯಾಗಿ ತೆರೆದುಕೊಳ್ಳಬೇಕು. ಪಕ್ಕದ ಪಟ್ಟಿಯಲ್ಲಿ ಇಂಗ್ಲಿಷಿನಲ್ಲಿರುವ 'ಸೇವ್', 'ರೀಸ್ಟಾರ್ಟ್' ಗುಂಡಿಗಳಿಗೂ ಕನ್ನಡ ಹೆಸರು ಕೊಡಬಹುದು. ಟ್ವೈನಿನಲ್ಲಿ ನೀನು ಬಳಸಿರುವ ಶುಗರ್‌ಕ್ಯೂಬ್ ಅನ್ನುವ ಕತೆಯ ಚೌಕಟ್ಟು ಅದಕ್ಕೆ ಅವಕಾಶ ಇಟ್ಟಿದೆ. ಪದಗಳನ್ನು ನೀನೇ ಆರಿಸು.

ಎಲ್ಲ ಕಡೆಯೂ ತೆರೆಯುವ ಕತೆ ಅಂದಾಗ ನೆನಪಾಯಿತು, ಇಂಥ ಕತೆಗಳನ್ನು ಮಾರುತ್ತಿದ್ದ ಇನ್ಫೋಕಾಮ್ ಕಂಪನಿಯ ವಿಷಯ ನಿನಗೆ ಹೇಳಲೇಬೇಕು. 1979ರಲ್ಲಿ ಅಮೆರಿಕದ ಎಂಐಟಿಯವರು ಸೇರಿ ಕಟ್ಟಿದ್ದು. ಆಗಿನ ಮನೆ ಕಂಪ್ಯೂಟರುಗಳು ಒಂದೊಂದು ಬಗೆ. ಒಂದರ ಪ್ರೋಗ್ರಾಮ್ ಇನ್ನೊಂದರಲ್ಲಿ ಓಡುತ್ತಿರಲಿಲ್ಲ. ಅವರು ಝಡ್-ಮಷೀನ್ ಅನ್ನುವ ಕಲ್ಪನೆಯ ಯಂತ್ರವೊಂದನ್ನು ರೂಪಿಸಿ ಕತೆಗಳನ್ನೆಲ್ಲ ಅದಕ್ಕೇ ಬರೆದರು. ಪ್ರತಿ ಕಂಪ್ಯೂಟರಿಗೂ ಒಂದು ದುಭಾಷಿ ಪ್ರೋಗ್ರಾಮ್ ಮಾಡಿಕೊಂಡರೆ ಸಾಕು, ಕತೆಯ ಫೈಲು ಎಲ್ಲ ಕಡೆಯೂ ಒಂದೇ. ಅವರ ಆ ಕಾಲದ ಕತೆಗಳನ್ನು ಇವತ್ತಿನ ಬ್ರೌಸರಿನಲ್ಲೂ ಆಡಬಹುದು. 1982ರ 'ಡೆಡ್‌ಲೈನ್' ಅನ್ನುವ ಕೊಲೆಯ ಕತೆಗೆ ಡಿಸ್ಕಿನಲ್ಲಿ ಜಾಗ ಸಾಲದೆ, ತನಿಖೆಯ ಕಾಗದಪತ್ರಗಳನ್ನು ಅಚ್ಚು ಹಾಕಿಸಿ, ಜೊತೆಗೆ ಮಾತ್ರೆಗಳನ್ನೂ ಇಟ್ಟು ಪೆಟ್ಟಿಗೆಯಲ್ಲೇ ಕೊಟ್ಟರಂತೆ. ಪೆಟ್ಟಿಗೆ ತೆರೆದ ಕ್ಷಣದಿಂದಲೇ ಕತೆ ಶುರು! ನೀನು ಪಠ್ಯದ ಜೊತೆ ಅಜ್ಜಿಯ ಅಡುಗೆ ಪುಸ್ತಕದ ಒಂದು ಹಾಳೆಯ ಫೋಟೋ ಸೇರಿಸಿದರೆ ಹೇಗೆ? ನಿನ್ನ ಕತೆಯಲ್ಲಿ ಬರುವ ಉಪ್ಪಿನಕಾಯಿ ಜಾಡಿಯ ಸುಳಿವು ಅದರಲ್ಲೇ ಇರಲಿ.

ಇನ್ನೊಂದು, ಚಿಕ್ಕದು. ಪ್ರತಿ ಟ್ವೈನ್ ಕತೆಗೂ ಐಎಫ್‌ಐಡಿ ಅನ್ನುವ ಗುರುತಿನ ಸಂಖ್ಯೆ ಇರುತ್ತದೆ. ಅಂಕೆ ಮತ್ತು ಇಂಗ್ಲಿಷ್ ಅಕ್ಷರ ಸೇರಿ 32. ನಿನ್ನ ಕತೆಗೆ ಟ್ವೈನ್ ಆಗಲೇ ಕೊಟ್ಟಿದೆ. 'ಸ್ಟೋರಿಡೇಟಾ' ಅನ್ನುವ ಪ್ಯಾಸೇಜಿನಲ್ಲಿದೆ, ಅದನ್ನು ಮುಟ್ಟಬೇಡ. ಹೆಸರು ಬದಲಾಯಿಸಿದರೂ, ಎಷ್ಟು ಸಲ ತಿದ್ದಿ ಹೊರತಂದರೂ ಇದು ಅದೇ ಕತೆ ಅಂತ ಗುರುತಿಸುವುದು ಅದರಿಂದಲೇ.

ನಿನ್ನೆ 'ಡ್ಯಾಶ್ ಟಿ' ಕೊಟ್ಟು ಪರೀಕ್ಷೆಯ ಪ್ರತಿ ಮಾಡಿಕೊಂಡೆ. ಅದರಲ್ಲಿ ಒಳಗಿನ ಲೆಕ್ಕಾಚಾರವೆಲ್ಲ ಕಾಣುತ್ತದೆ. ಹುಡುಗಿ ಬೀಗದ ಕೈ ತೆಗೆದುಕೊಂಡದ್ದು ಎಲ್ಲ ದಾರಿಯಲ್ಲೂ ನೆನಪಿರುತ್ತದೆ, ಚೆನ್ನಾಗಿದೆ. ಆದರೆ 'ಹಿತ್ತಲ ಬಾಗಿಲು' ಅನ್ನುವ ಲಿಂಕ್ ಕೆಂಪಾಗಿ ಕಾಣುತ್ತಿದೆ. ಆ ಹೆಸರಿನ ಪ್ಯಾಸೇಜೇ ಇಲ್ಲ. ಬರೆದು ಅಳಿಸಿದೆಯೋ, ಬರೆಯಲು ಮನಸ್ಸಾಗಲಿಲ್ಲವೋ? ಅಜ್ಜಿ ಕೊನೆಯ ದಿನಗಳಲ್ಲಿ ಕೂರುತ್ತಿದ್ದದ್ದು ಅಲ್ಲೇ ಅಂತ ನನಗೂ ನೆನಪಿದೆ. ಅವಸರವಿಲ್ಲ, ನೀನು ಬರೆಯುವವರೆಗೂ ಕಾಯುತ್ತೇನೆ. ಬೇಡ ಅನಿಸಿದರೆ ಹೇಳು, ಆ ಲಿಂಕನ್ನು ತೆಗೆದು ಕತೆ ಕಟ್ಟುತ್ತೇನೆ.

ನಿನ್ನ ಪ್ರೀತಿಯ ತಮ್ಮ