ಹೊಗೆಯ ದಾರಿ

ಯಂತ್ರವು ಏನನ್ನು ಉಣ್ಣುತ್ತದೆ ಎಂದು ವಿಚಾರಿಸುವವರು ಬಹಳ. ಅದು ಹೇಗೆ ಉಸಿರು ಬಿಡುತ್ತದೆ ಎಂದು ವಿಚಾರಿಸುವವರು ವಿರಳ. ಕಾರು ಕೊಳ್ಳುವವನು ಪೆಟ್ರೋಲಿನ ಖರ್ಚನ್ನು ತಪ್ಪದೆ ಕೇಳುತ್ತಾನೆ. ಉರಿದುಳಿದ ಹೊಗೆಯು ಹೊರಹೋಗುವ ದಾರಿ ಯಾವ ತರಹದ್ದು ಎಂದು ಕೇಳುವವನು ಒಂದೋ ಅನುಭವಿಯಾದ ಮೆಕ್ಯಾನಿಕ್, ಇಲ್ಲವೆ ವೇಗದ ಹಂಬಲ ಹಿಡಿದ ತರುಣ. ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದಲ್ಲಿ ಒಂದು ಉಗ್ರಾಣದ ಕೆಲಸಗಾರನಾಗಿದ್ದ ಯುವಕನೊಬ್ಬನು ಈ ಎರಡನೆಯ ಗುಂಪಿಗೆ ಸೇರಿದವನಾಗಿದ್ದನು.

ಆತನ ಕಾರು 1990ರ ಫೋರ್ಡ್ ಮಸ್ಟಾಂಗ್. ಅನೇಕ ಕೈ ಬದಲಾಯಿಸಿ ಆತನ ಪಾಲಿಗೆ ಬಂದಿತ್ತು. ಅದರ ಎಂಟು ಸಿಲಿಂಡರಿನ ಎಂಜಿನ್ನು 5.0 ಲೀಟರಿನದೆಂದು ಪ್ರಸಿದ್ಧವಾದರೂ ಅದರ ನಿಜವಾದ ಗಾತ್ರ 4.9 ಲೀಟರೇ, ಕಾರ್ಖಾನೆಯು ಸಾರಿದ ಶಕ್ತಿ 225 ಅಶ್ವಶಕ್ತಿ. ಭಾನುವಾರ ಆತನ ಕನಸಿನ ಕುದುರೆಯಾಗಿದ್ದ ಆ ಕಾರೇ ಉಳಿದ ಆರು ದಿನ ಆತನನ್ನು ಕೆಲಸಕ್ಕೆ ಒಯ್ಯುತ್ತಿತ್ತು. ಅದು ನಿಂತರೆ ಸಂಬಳವೂ ನಿಂತಂತೆಯೇ. ಹೀಗಿರಲು ಒಂದು ಬೆಳಗ್ಗೆ ಎಂಜಿನ್ನಿನ ಬಲಮಗ್ಗುಲಿನಿಂದ ಟಿಕ್ ಟಿಕ್ ಎಂಬ ಸದ್ದು ಕೇಳಿಬಂದಿತು. ಬಾನೆಟ್ ಎತ್ತಿ ನೋಡಿದರೆ ಹೊಗೆನಳಿಗೆಯಲ್ಲಿ ಬಿರುಕು. ಎರಡು ವರ್ಷಕ್ಕೊಮ್ಮೆ ಕಡ್ಡಾಯವಾದ ಹೊಗೆಯ ತಪಾಸಣೆಗೆ ಉಳಿದಿದ್ದುದು ಎರಡೇ ತಿಂಗಳು. ಕೂಡಿಟ್ಟಿದ್ದ ಹಣ ಆರುನೂರು ಡಾಲರು.

ಸಾಧಾರಣ ಕಾರುಗಳಲ್ಲಿ ಸಿಲಿಂಡರುಗಳ ಹೊಗೆಯೆಲ್ಲ ಎರಕದ ಕಬ್ಬಿಣದ ಒಂದು ಕೊಳವೆಗೆ ಬಂದು ಬೀಳುತ್ತದೆ. ಅದರ ಬದಲು ಒಂದೊಂದು ಸಿಲಿಂಡರಿಗೂ ಪ್ರತ್ಯೇಕವಾದ ಉಕ್ಕಿನ ನಳಿಗೆಯನ್ನಿಟ್ಟು, ಮುಂದೆ ಅವೆಲ್ಲವನ್ನೂ ಒಂದುಗೂಡಿಸಿದರೆ ಅದಕ್ಕೆ ಹೆಡರ್ ಎಂದು ಹೆಸರು. ಇದರ ತತ್ತ್ವವು ಶಾಲೆಯ ಪ್ರಯೋಗಶಾಲೆಯನ್ನು ಕಂಡವರಿಗೆ ಹೊಸತಲ್ಲ. ಶ್ರುತಿಕವೆಯನ್ನು ಮಿಡಿದು ಅನುನಾದ ನಳಿಗೆಯ ಮೇಲೆ ಹಿಡಿದಾಗ, ಗಾಳಿಯ ಕಂಬವು ಒಂದು ನಿರ್ದಿಷ್ಟ ಉದ್ದಕ್ಕೆ ಬಂದಾಗ ಮಾತ್ರ ಅದು ಮೊಳಗುತ್ತದಷ್ಟೆ. ಹೊಗೆನಳಿಗೆಯಲ್ಲಿಯೂ ಹಾಗೆಯೇ. ಕವಾಟ ತೆರೆದೊಡನೆ ಹೊರನುಗ್ಗುವ ಒತ್ತಡದ ಅಲೆಯು ನಳಿಗೆಯ ತೆರೆದ ತುದಿಯನ್ನು ಮುಟ್ಟಿ, ಕಡಿಮೆ ಒತ್ತಡದ ಅಲೆಯಾಗಿ ಹಿಂದಿರುಗುತ್ತದೆ. ಅದು ತಕ್ಕ ಕ್ಷಣದಲ್ಲಿ ಕವಾಟವನ್ನು ತಲುಪಿದರೆ ಉಳಿದ ಹೊಗೆಯನ್ನು ಸೆಳೆದುಕೊಂಡು ಹೊಸ ಗಾಳಿಗೆ ದಾರಿ ಮಾಡಿಕೊಡುತ್ತದೆ. ನಳಿಗೆ ಉದ್ದವಾದಷ್ಟೂ ಈ ಉಪಕಾರವು ಎಂಜಿನ್ನಿನ ಕಡಿಮೆ ವೇಗದಲ್ಲಿ ಲಭಿಸುತ್ತದೆ. ಗಿಡ್ಡವಾದಷ್ಟೂ ಹೆಚ್ಚಿನ ವೇಗದಲ್ಲಿ. ಅತಿ ಗಿಡ್ಡವಾದುದರಲ್ಲಿ ಅದು ಹೆಸರಿಗೆ ಮಾತ್ರ.

ಇದನ್ನೆಲ್ಲ ಓದಿ ತಿಳಿದಿದ್ದ ಯುವಕನ ಕಣ್ಣು ಉದ್ದ ನಳಿಗೆಯ, 1.75 ಅಂಗುಲ ವ್ಯಾಸದ, ಥಳಥಳಿಸುವ ಒಂದು ಜೋಡಿಯ ಮೇಲೆ ಬಿದ್ದಿತು. ಬೆಲೆ ಐನೂರು ಡಾಲರು. ಕೈಯಲ್ಲಿದ್ದ ಹಣ ಸಾಲುತ್ತಿತ್ತು. ಮನಸ್ಸು ಆಗಲೇ ಒಪ್ಪಿತ್ತು. ಕೊಳ್ಳುವ ಮೊದಲು ಬೀದಿಯ ಕೊನೆಯಲ್ಲಿದ್ದ ವೃದ್ಧ ಬೆಸುಗೆಗಾರನ ಬಳಿಗೆ ಹೋದನು. ಸಲಹೆ ಕೇಳಲು ಎನ್ನುವುದಕ್ಕಿಂತ ಹೊಗಳಿಕೆ ಕೇಳಲು ಎಂದರೆ ಸರಿಯಾದೀತು.

ವೃದ್ಧನು ಹೊಗಳಲಿಲ್ಲ. "ನಿನ್ನ ಎಂಜಿನ್ನಿನಲ್ಲಿ ಹೊಗೆಗೆ ಇಕ್ಕಟ್ಟಾಗಿರುವುದು ಎಲ್ಲಿ, ಹೇಳು" ಎಂದು ಕೇಳಿದನು. ಯುವಕನು ನಳಿಗೆಯನ್ನು ತೋರಿಸಿದನು. ವೃದ್ಧನು ತಲೆಯಾಡಿಸಿ, ಅದರ ಹಿಂದಿನ ಸಿಲಿಂಡರ್ ಹೆಡ್ಡಿನ ಮೇಲೆ ಬೆರಳಿಟ್ಟನು. ಆ ಕಾಲದ ಈ ಎಂಜಿನ್ನುಗಳಲ್ಲಿ ಹೆಡ್ಡಿನೊಳಗಿನ ದ್ವಾರವೇ ಕಿರಿದು. ತೂಬು ಚಿಕ್ಕದಿರುವಾಗ ಕಾಲುವೆಯನ್ನು ಎಷ್ಟು ಅಗಲಿಸಿದರೂ ಗದ್ದೆಗೆ ನೀರು ಹೆಚ್ಚಿ ಬರುವುದುಂಟೆ? ಸಾಲದುದಕ್ಕೆ, ನಳಿಗೆಯ ವ್ಯಾಸ ಅಗತ್ಯಕ್ಕಿಂತ ಹೆಚ್ಚಿದರೆ ಹೊಗೆಯ ಹರಿವಿನ ವೇಗ ಕುಗ್ಗಿ, ನಿತ್ಯದ ಓಡಾಟದಲ್ಲಿ ಬೇಕಾಗುವ ಕೆಳವೇಗದ ಎಳೆತವೇ ಕ್ಷೀಣಿಸುತ್ತದೆ. ಬೇರಾವ ಮಾರ್ಪಾಟೂ ಇಲ್ಲದ ಇಂಥ ಎಂಜಿನ್ನಿಗೆ 1.625 ಅಂಗುಲದ ನಳಿಗೆಯೇ ಧಾರಾಳ. ಮೇಲಾಗಿ ಈ ಮಾದರಿಗೆ ಕಾರ್ಖಾನೆಯೇ ಉಕ್ಕಿನ ಗಿಡ್ಡ ನಳಿಗೆಗಳನ್ನು ಕೊಟ್ಟಿದ್ದಿತು; ಆದುದರಿಂದ ಬದಲಾವಣೆಯಿಂದ ಬರುವ ಲಾಭ ಅಲ್ಪವೇ.

ಎರಡನೆಯ ಮಾತು ಕಾನೂನಿನದು. 1970ರ ಶುದ್ಧವಾಯು ಕಾಯಿದೆಯ ತರುವಾಯ, 1975ರ ಮಾದರಿಗಳಿಂದ ಮೊದಲ್ಗೊಂಡು ಅಮೆರಿಕದ ಬಹುಪಾಲು ಕಾರುಗಳಿಗೆ ಹೊಗೆಯ ವಿಷವನ್ನು ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಬಂದಿತು. ಉದ್ದ ನಳಿಗೆಯನ್ನು ಹಾಕಿದರೆ ಅದನ್ನು ಹಿಂದಕ್ಕೆ ಸರಿಸಬೇಕು, ನಡುವಿನ ಕೊಳವೆಯನ್ನೂ ಬೇರೆ ಕೊಳ್ಳಬೇಕು. ಹಾಗೆ ಸರಿಸುವುದಕ್ಕೆ ಅಲ್ಲಿ ಅನುಮತಿಯಿಲ್ಲ. ತಪಾಸಣೆಯವರು ಹೊಗೆಯನ್ನು ಅಳೆಯುವುದಲ್ಲದೆ ಬಾನೆಟ್ ಎತ್ತಿ ಕಣ್ಣಾರೆ ನೋಡುತ್ತಾರೆ. ಹೊರಗಿನಿಂದ ತಂದು ಹಾಕಿದ ಹೆಡರಿಗೆ ರಾಜ್ಯದ ವಾಯು ಸಂಪನ್ಮೂಲ ಮಂಡಳಿಯ ಅನುಮತಿ ಸಂಖ್ಯೆ ಇಲ್ಲದಿದ್ದರೆ ಕಾರು ತೇರ್ಗಡೆಯಾಗದು. ಯುವಕನು ಮೆಚ್ಚಿದ್ದ ಜೋಡಿಗೆ ಆ ಸಂಖ್ಯೆ ಇರಲಿಲ್ಲ. ಐನೂರು ಡಾಲರು ಕೊಟ್ಟು ಆತನು ತನ್ನ ಕೆಲಸಕ್ಕೇ ಸಂಚಕಾರ ತಂದುಕೊಳ್ಳಲಿದ್ದನು.

ಹಾಗಾದರೆ ಅತ್ಯಂತ ಅಗ್ಗದ ಗಿಡ್ಡ ಜೋಡಿಯೇ ಸಾಕೇ ಎಂದು ಯುವಕನು ನಿರಾಶನಾಗಿ ಕೇಳಿದನು. ಅದಕ್ಕೂ ವೃದ್ಧನು ಒಪ್ಪಲಿಲ್ಲ. ಎಂಜಿನ್ನಿಗೆ ಅಂಟಿಕೊಳ್ಳುವ ಫ್ಲ್ಯಾಂಜ್ ತೆಳುವಾಗಿದ್ದರೆ ಶಾಖಕ್ಕೆ ಸೊಟ್ಟಗಾಗಿ ಸಂದು ಬಿಡುತ್ತದೆ. ಸಂದಿನೊಳಗೆ ನುಸುಳಿದ ಗಾಳಿಯು ಆಮ್ಲಜನಕವನ್ನು ಅಳೆಯುವ ಸೆನ್ಸರಿಗೆ ಸುಳ್ಳು ಹೇಳುತ್ತದೆ. ಪೆಟ್ರೋಲು ಕಡಿಮೆಯಾಯಿತೆಂದು ಭ್ರಮಿಸಿ ಯಂತ್ರವು ಇನ್ನಷ್ಟು ಸುರಿದುಕೊಳ್ಳುತ್ತದೆ. ಹೊರಗೆ ಸೋರುವ ಹೊಗೆಯಲ್ಲಿ ವಾಸನೆಯೂ ಬಣ್ಣವೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಅದು ಕಾರಿನೊಳಗೆ ತುಂಬಿದರೆ ಪ್ರಾಣಕ್ಕೇ ಅಪಾಯ. ಬರಿಯ ಬಣ್ಣ ಬಳಿದ ಸಾಧಾರಣ ಉಕ್ಕು ಬೇಗ ತುಕ್ಕು ಹಿಡಿಯುತ್ತದೆ. ಶಾಖ ತಡೆಯಲೆಂದು ಪಟ್ಟಿ ಸುತ್ತಿದರೆ ಅದು ತೇವವನ್ನು ಹಿಡಿದಿಟ್ಟುಕೊಂಡು ತುಕ್ಕನ್ನು ಹೆಚ್ಚಿಸುವುದೂ ಉಂಟು.

ಕಡೆಗೆ ಯುವಕನು ಆರಿಸಿದುದು 1.625 ಅಂಗುಲದ, ದಪ್ಪ ಫ್ಲ್ಯಾಂಜಿನ, ಸೆರಾಮಿಕ್ ಲೇಪದ, ಅನುಮತಿ ಸಂಖ್ಯೆಯುಳ್ಳ ಗಿಡ್ಡ ಜೋಡಿಯನ್ನು. ಅದಕ್ಕೆ ನಾನೂರು ಡಾಲರು ಹೋಯಿತು. ಉಳಿದುದರಲ್ಲಿ ಒಳ್ಳೆಯ ಗ್ಯಾಸ್ಕೆಟ್ಟು, ಹೊಸ ಬೋಲ್ಟುಗಳು ಮತ್ತು ಸವೆದುಹೋಗಿದ್ದ ಮುಂಗಾಲಿಯ ಬ್ರೇಕ್ ಪ್ಯಾಡುಗಳು ಬಂದವು. ಒಂದು ಶನಿವಾರವೆಲ್ಲ ವೃದ್ಧನೂ ತರುಣನೂ ಕಾರಿನ ಕೆಳಗೆ ಮಲಗಿ ದುಡಿದರು. ತುಕ್ಕು ಹಿಡಿದ ಒಂದು ಬೋಲ್ಟು ಮುರಿದು ಮೂರು ಗಂಟೆಯನ್ನು ನುಂಗಿತು. ಕೆಲವು ದಿನ ಓಡಿಸಿದ ಮೇಲೆ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಯಬೇಕೆಂದು ವೃದ್ಧನು ಎರಡು ಸಲ ಹೇಳಿದನು. ತರುಣನು ಮರೆಯದೆ ಬಿಗಿದನು.

ಕಾರು ತಪಾಸಣೆಯಲ್ಲಿ ತೇರ್ಗಡೆಯಾಯಿತು. ವೇಗ ಹೆಚ್ಚಿತೇ ಎಂದು ಗೆಳೆಯರು ಕೇಳಿದಾಗ ಆತನು ಸುಳ್ಳಾಡಲಿಲ್ಲ, "ಗುರುತಿಸುವಷ್ಟಿಲ್ಲ" ಎಂದನು. ಆದರೆ ಟಿಕ್ ಟಿಕ್ ಸದ್ದು ನಿಂತಿತ್ತು. ಸೋಮವಾರ ಬೆಳಗಿನ ಕತ್ತಲಲ್ಲಿ ಕಾರು ಎಂದಿನಂತೆ ಆತನನ್ನು ಕೆಲಸಕ್ಕೆ ಒಯ್ದಿತು. ಬ್ರೇಕನ್ನು ಒತ್ತಿದಲ್ಲಿ ನಿಂತಿತು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಮಾತನ್ನು ಹಣದ ಮಟ್ಟಿಗೆ ಎಲ್ಲರೂ ಬಲ್ಲರು. ಯಂತ್ರಕ್ಕೂ ಒಂದು ಹಾಸಿಗೆಯಿದೆ. ಅದರ ಅಳತೆಯನ್ನು ಮೊದಲು ತಿಳಿದು ಆಮೇಲೆ ಅಂಗಡಿಯ ಮೆಟ್ಟಿಲು ಹತ್ತುವವನ ಆರುನೂರು ಡಾಲರು ವ್ಯರ್ಥವಾಗುವುದಿಲ್ಲ.