ಆಕ್ ಎಂಬ ಗುಮಾಸ್ತ

ಕಲಾ ವಿಭಾಗದ ವಿದ್ಯಾರ್ಥಿಗೂ ಗಣಕಯಂತ್ರಕ್ಕೂ ಎಣ್ಣೆ-ಸೀಗೆಕಾಯಿಯ ಸಂಬಂಧವೆಂದು ಬಹುಮಂದಿ ನಂಬಿದ್ದಾರೆ. ನಾನು ಓದುತ್ತಿರುವುದೂ ಇತಿಹಾಸ ಮತ್ತು ಕನ್ನಡವನ್ನೇ. ಆದರೂ ಕಳೆದೊಂದು ವರ್ಷದಿಂದ ಸಂಬಳ ಕೇಳದ ಗುಮಾಸ್ತನೊಬ್ಬ ನನ್ನ ಬಳಿಯಿದ್ದಾನೆ. ಅವನ ಹೆಸರು ಆಕ್. ಅವನನ್ನು ವಾಚಕ ಮಿತ್ರರಿಗೆ ಪರಿಚಯ ಮಾಡಿಕೊಡುವುದೇ ಈ ಬರಹದ ಉದ್ದೇಶ.

1977ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಏಹೋ, ವೈನ್‌ಬರ್ಗರ್, ಕರ್ನಿಹನ್ ಎಂಬ ಮೂವರು ವಿದ್ವಾಂಸರು ಈ ಪುಟ್ಟ ಭಾಷೆಯನ್ನು ರಚಿಸಿದರು. ಇಂಗ್ಲಿಷಿನಲ್ಲಿ ಅವರ ಹೆಸರುಗಳ ಮೊದಲಕ್ಷರಗಳನ್ನು ಕೂಡಿಸಿದರೆ ಇದರ ಹೆಸರಾಗುತ್ತದೆ. ಇದರ ಸ್ವಭಾವ ಬಲು ಸರಳ. ಬರಹವನ್ನು ಸಾಲುಸಾಲಾಗಿ ಓದುತ್ತದೆ. ತೆರಪು ಕಂಡಲ್ಲಿ ಸಾಲನ್ನು ಕತ್ತರಿಸಿ ಅಂಕಣಗಳಾಗಿ ಮಾಡಿಕೊಳ್ಳುತ್ತದೆ. ‘ಇಂಥ ಸಾಲು ಕಂಡರೆ ಇಂಥದನ್ನು ಮಾಡು’ ಎಂಬ ಅಪ್ಪಣೆಯನ್ನು ಚಾಚೂ ತಪ್ಪದೆ ಪಾಲಿಸುತ್ತದೆ. ಲಿನಕ್ಸ್ ಇರುವ ಗಣಕಗಳಲ್ಲಿ ಸಾಮಾನ್ಯವಾಗಿ ಮೊದಲೇ ಇರುತ್ತದೆ, ಕಾಸು ಕೊಡಬೇಕಾಗಿಲ್ಲ.

ನಮ್ಮ ಹಾಸ್ಟೆಲಿನ ಊಟದ ಲೆಕ್ಕವನ್ನು ದಿನಾಂಕ, ಸಾಮಾನು, ಹಣ ಎಂದು ಮೂರು ಅಂಕಣಗಳಲ್ಲಿ ಬರೆದಿಡುತ್ತೇವೆ. ‘ಮೂರನೆಯ ಅಂಕಣವನ್ನು ಕೂಡುತ್ತ ಹೋಗು, ಕೊನೆಗೆ ಮೊತ್ತ ಹೇಳು’ ಎಂಬ ಆಜ್ಞೆ ಒಂದೇ ಸಾಲಿನಲ್ಲಿ ಮುಗಿಯುತ್ತದೆ. ತರಕಾರಿಗೆ ಮಾತ್ರ ಎಷ್ಟಾಯಿತೆಂದು ಯಾರಾದರೂ ತಗಾದೆ ತೆಗೆದರೆ ಅದಕ್ಕೂ ಅರೆಗಳಿಗೆ ಸಾಕು. ಹಾಜರಿ ಶೇಕಡ 75ಕ್ಕಿಂತ ಕಡಿಮೆಯಾದವರ ಪಟ್ಟಿಯನ್ನೂ ಹೀಗೆಯೇ ತೆಗೆಯಬಹುದು. ಆದರೆ ಅದನ್ನು ಅಧ್ಯಾಪಕರಿಗೆ ಕಲಿಸಿಕೊಡುವಷ್ಟು ಉದಾರಿ ನಾನಲ್ಲ!

ಆಕ್ ನನಗೆ ನಿಜವಾಗಿ ಒದಗಿದ್ದು ಬೇರೊಂದು ಕೆಲಸದಲ್ಲಿ. ನಮ್ಮೂರ ಸುತ್ತಿನ ನಾಲ್ಕು ಹಳ್ಳಿಗಳ ಹಿರಿಯರಿಂದ ಬೇಸಾಯದ ಪದಗಳನ್ನು ಕೇಳಿ, ಸಾಲಿಗೊಂದರಂತೆ, ಪದ ಮತ್ತು ಹೇಳಿದವರ ಹೆಸರನ್ನು ಬರೆದಿಟ್ಟಿದ್ದೆ. ಪ್ರತಿಯೊಂದು ಪದದ ಹೆಸರಿನಲ್ಲೂ ಒಂದು ಡಬ್ಬಿಯಿಟ್ಟು, ಆ ಪದ ಬಂದಾಗಲೆಲ್ಲ ಒಂದು ಕಾಳು ಹಾಕಿದಂತೆ ಎಣಿಸುವ ಏರ್ಪಾಡು ಆಕ್‌ನಲ್ಲಿದೆ. ಕುಂಟೆ, ಕೂರಿಗೆಗಳ ಡಬ್ಬಿ ತುಂಬಿತ್ತು. ಮೇಟಿ, ಮಿಣಿ, ಹಗೇವುಗಳಲ್ಲಿ ಒಂದೊಂದೇ ಕಾಳು. ಕಣದ ನಡುವೆ ನೆಡುತ್ತಿದ್ದ ಕಂಬ, ಕಪಿಲೆಯ ತೊಗಲಿನ ಹಗ್ಗ, ಧಾನ್ಯ ತುಂಬುತ್ತಿದ್ದ ನೆಲದೊಳಗಿನ ಗುಂಡಿ! ವಸ್ತುವೇ ಮರೆಯಾದ ಮೇಲೆ ಪದ ಎಷ್ಟು ದಿನ ಉಳಿದೀತು? ಮೂರನ್ನೂ ಹೇಳಿದವರು ಒಬ್ಬರೇ ಅಜ್ಜಿ. ಮರುವಾರವೇ ಅವರ ಜಗಲಿಯಲ್ಲಿ ಕುಳಿತೆ. ಇನ್ನೂ ಹದಿನೇಳು ಪದಗಳು ದೊರೆತವು. ಪಟ್ಟಿಯನ್ನು ಕೈಯಿಂದಲೇ ತಯಾರಿಸಲು ಹೊರಟಿದ್ದರೆ ಆ ಬೇಸಿಗೆಯೆಲ್ಲ ಎಣಿಕೆಯಲ್ಲೇ ಕಳೆಯುತ್ತಿತ್ತು.

ಗುಮಾಸ್ತನಿಗೆ ಮಿತಿಯೂ ಉಂಟು. ‘ಕನ್ನಡ’ ಎಂಬ ಪದದ ಉದ್ದವನ್ನು ಕೇಳಿದರೆ ಹಳೆಯ ಆಕ್ 15 ಬೈಟುಗಳೆನ್ನುತ್ತಿತ್ತು. 2022ರಲ್ಲಿ ಕರ್ನಿಹನ್ನರು ತಮ್ಮ 80ನೆಯ ವಯಸ್ಸಿನಲ್ಲಿ ಅದಕ್ಕೆ ಯೂನಿಕೋಡ್ ಲಿಪಿವ್ಯವಸ್ಥೆಯನ್ನು ಕಲಿಸಿದರು; ಈಗ 5 ಎನ್ನುತ್ತದೆ, ಒತ್ತಕ್ಷರ ಕೂಡಿಸುವ ಗುರುತನ್ನೂ ಬೇರೆಯಾಗಿ ಎಣಿಸುವುದರಿಂದ. ನಮ್ಮ ಛಂದಸ್ಸಿಗಾದರೋ ಮೂರೇ ಅಕ್ಷರ. ಒಂದೇ ಕಾಳಿನ ಪದ ಅಳಿಯುತ್ತಿರುವ ಪದವೋ, ಬರೆದುಕೊಂಡವರ ಕಿವಿಯ ದೋಷವೋ ಎಂಬುದನ್ನೂ ಅದು ಹೇಳಲಾರದು, ಅಜ್ಜಿಯೇ ಹೇಳಬೇಕು.

ಎಣಿಸುವುದು ಯಂತ್ರಕ್ಕಿರಲಿ, ಕೇಳುವುದು ನಮಗಿರಲಿ. ಬರುವ ರಜೆಯಲ್ಲಿ ಊರಿಗೆ ಹೋಗುವ ಗೆಳೆಯರು ಒಂದಿಷ್ಟು ಪದಗಳನ್ನು ಬರೆದು ತಂದರೆ, ಎಣಿಸಿಕೊಡಲು ನನ್ನ ಗುಮಾಸ್ತ ಸದಾ ಸಿದ್ಧ.